ಕಾವಲಿನಿಂದ ಮೃಗಾಲಯಕ್ಕೆ

ಚಿತ್ರದುರ್ಗದ ಕೋಟೆಗೆ ದಕ್ಷಿಣವಾಗಿ ಹಬ್ಬಿರುವ ಜೋಗಿಮಟ್ಟಿಯ ಗಿರಿಪಂಕ್ತಿಯ ಮಗ್ಗುಲಲ್ಲಿ ಆಡುಮಲ್ಲೇಶ್ವರನ ಹೆಸರನ್ನು ಹೊತ್ತ ಕಿರುಮೃಗಾಲಯವೊಂದಿದೆಯಾದರೂ, ಈ ಸೀಮೆಯಲ್ಲಿ ಪ್ರಾಣಿರಕ್ಷಣೆಯ ಇತಿಹಾಸವು ಅಲ್ಲಿಂದ ಮೊದಲಾದುದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೆಂಬ ಅರಮನೆಯ ಗೋಪಾಲನಾ ಇಲಾಖೆಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲೆಂಬ ಅಭಿಧಾನವನ್ನು ಪಡೆದು, ಹೊಸದುರ್ಗವೇ ಮೊದಲಾದ ಕಡೆಗಳ ವಿಸ್ತಾರವಾದ ಹುಲ್ಲುಗಾವಲುಗಳನ್ನು ರಾಜಗೋಸಂತತಿಗಾಗಿ ಕಾವಲುಗಳೆಂದು ಮೀಸಲಿರಿಸಿದಾಗ, ನೇಗಿಲು ಕಾಣದ ಆ ಭೂಮಿಯು ಕೃಷ್ಣಮೃಗಕ್ಕೂ ತೋಳಕ್ಕೂ ಅಯಾಚಿತವಾದ ಆಶ್ರಯವಾಯಿತು. ದಂಡಿನ ತೋಪುಗಳನ್ನೆಳೆಯುವ ಎತ್ತುಗಳಿಗಾಗಿ ಕಾದಿರಿಸಿದ ಹುಲ್ಲು ವನ್ಯಜೀವಿಗಳಿಗೂ ಒದಗಿದ್ದು ಈ ನಾಡಿನ ಪುಣ್ಯವೆಂದೇ ನನ್ನ ಭಾವನೆ.

ಮೃಗಾಲಯವಾದರೋ ಅರಮನೆಯ ಕೌತುಕದಿಂದ ಹುಟ್ಟಿತು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಉದ್ಯಾನವು ಕಾಲಕ್ರಮದಲ್ಲಿ ಸಾರ್ವಜನಿಕ ಸಂಸ್ಥೆಯಾಗಿ, 1979ರಲ್ಲಿ ರೂಪುಗೊಂಡ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತಕ್ಕೆ ಸೇರಿತು. ಆಡುಮಲ್ಲೇಶ್ವರವೂ ಇಂದು ಅದೇ ಪ್ರಾಧಿಕಾರದ ಆಶ್ರಯದಲ್ಲಿದೆ. ಸ್ವದೇಶವಾದ ಚೀನದಲ್ಲಿ ನಿರ್ನಾಮವಾದ ಪೇರ್ ಡೇವಿಡ್ ಜಿಂಕೆಯು ಇಂಗ್ಲೆಂಡಿನ ವೋಬರ್ನ್ ಉದ್ಯಾನದಲ್ಲಿ ಕೂಡಿಹಾಕಲ್ಪಟ್ಟ ಅಲ್ಪಸಂಖ್ಯೆಯಿಂದಲೇ ವೃದ್ಧಿಸಿ, 1985ರಲ್ಲಿ ತಾಯ್ನಾಡಿಗೆ ಮರಳಿದುದನ್ನು ನೆನೆದರೆ, ಬೇಲಿಯೊಳಗಿನ ಸಂತಾನವೃದ್ಧಿಯನ್ನು ಬಂಧನವೆಂದಷ್ಟೇ ತಿರಸ್ಕರಿಸಲಾಗದು. ಆದರೆ ಮರಳುವುದಕ್ಕೆ ನೆಲೆಯೇ ಇಲ್ಲದಿದ್ದರೆ? ಹೊಳಲ್ಕೆರೆ, ಹಿರಿಯೂರುಗಳ ಕುರುಚಲು ಗುಡ್ಡಗಳು ಅಕ್ಷತವಾಗಿ ಉಳಿಯದ ಹೊರತು ಆಡುಮಲ್ಲೇಶ್ವರದ ಆರೈಕೆಯು ಅಪೂರ್ಣವಾಗಿಯೇ ಇರುವುದೆಂದು ನಾನು ದೃಢವಾಗಿ ನಂಬಿದ್ದೇನೆ. ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ಸೀಮೆಯ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ 2011ರಲ್ಲಿ ಅಭಯಾರಣ್ಯವು ಘೋಷಿತವಾದುದು ಈ ದಿಕ್ಕಿನಲ್ಲಿ ಸ್ತುತ್ಯವಾದ ಕಾರ್ಯ.