ಧೋಲಕಪುರದ ವೃತ್ತಾಂತ: ಕಲ್ಯಾಣ–ಹುಮನಾಬಾದ್ ಸೀಮೆಯಲ್ಲಿ ಒಬ್ಬ ಬಾಲವೀರನ ಆಳ್ವಿಕೆ

ಧೋಲಕಪುರವೆಂಬುದೊಂದು ರಾಜ್ಯ. ಅದಕ್ಕೆ ಇಂದ್ರವರ್ಮನೆಂಬ ಅರಸ, ಇಂದುಮತಿಯೆಂಬ ರಾಜಕುಮಾರಿ. ಅರಮನೆಯಿತ್ತು, ಸೈನ್ಯವಿತ್ತು; ಆದರೂ ಆಪತ್ತು ಬಂದಾಗಲೆಲ್ಲ ಅರಸನು ಹೇಳಿಕಳಿಸುತ್ತಿದ್ದುದು ಒಂಬತ್ತು ವರ್ಷದ ಹುಡುಗನೊಬ್ಬನಿಗೆ. ಕಿತ್ತಳೆ ಬಣ್ಣದ ಧೋತರ, ಬರಿಮೈ, ಕೈಯಲ್ಲೊಂದು ಲಡ್ಡು: ಅವನೇ ಛೋಟಾ ಭೀಮ. 2008ರ ಏಪ್ರಿಲ್ ತಿಂಗಳಲ್ಲಿ ಪೋಗೋ ವಾಹಿನಿಯಲ್ಲಿ ಅವನ ಆಳ್ವಿಕೆ ಮೊದಲಾಯಿತು. ಅಂದು ಬೀದರ್ ಸೀಮೆಯ ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳಲ್ಲಿ ಐದಾರು ವರ್ಷದವರಾಗಿದ್ದವರು ಇಂದು ದುಡಿದು ಮನೆ ನಡೆಸುವ ವಯಸ್ಸಿಗೆ ಬಂದಿದ್ದಾರೆ. ಭೀಮನಿಗೆ ಈಗಲೂ ಒಂಬತ್ತೇ. ಒಂದು ತಲೆಮಾರಿನ ಬಾಲ್ಯವನ್ನು ಆಳಿದವನ ಚರಿತ್ರೆಯನ್ನು ಅರಸರ ಚರಿತ್ರೆಗೆ ಸಲ್ಲುವ ಶ್ರದ್ಧೆಯಿಂದಲೇ ಬರೆದಿಡಬೇಕು.

ಚಿತ್ರವೂ ಅಕ್ಷರವೂ ಜೊತೆಗೂಡಿ ಕಥೆ ಹೇಳುವ ರೂಢಿ ಈ ನೆಲಕ್ಕೆ ಹಳೆಯದು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇಗುಲದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಬಂಡೆಯ ಮೇಲೆ ಅಕ್ಷರ ಕೊರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ. 1076ರಿಂದ 1126ರವರೆಗೆ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಆ ಚಕ್ರವರ್ತಿಯ ಆಸ್ಥಾನದಲ್ಲಿ ಬಿಲ್ಹಣನು ಸಂಸ್ಕೃತದಲ್ಲಿ ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದ, ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ಬರೆದ. ಚಕ್ರವರ್ತಿಯ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೂ ಆಟ ವಿನೋದಗಳಿಗೂ ದೊಡ್ಡ ಜಾಗ ಕೊಟ್ಟ. ಆಮೇಲೆ ಅದೇ ಕಲ್ಯಾಣದಲ್ಲಿ ಶರಣರು ಬಂದರು. ದೇವರ ಮಾತನ್ನು ಸಂತೆಯ ಕನ್ನಡದಲ್ಲಿ, ಕಾಯಕದ ಕನ್ನಡದಲ್ಲಿ ಆಡಿದರು.

ಟೆಲಿವಿಷನ್ನು ಈ ಕಡೆಯ ಮಕ್ಕಳ ಬಳಿಗೆ ಮೊದಲು ಬಂದದ್ದೂ ಕನ್ನಡದಲ್ಲಿಯೇ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕ ಎರವಲು ಕೊಟ್ಟ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ‘ಸೈಟ್’ ಪ್ರಯೋಗದ ಚಿತ್ರಗಳು ಇಳಿದವು. ಕಲಬುರ್ಗಿ ಸೀಮೆಯ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳಿಗೆ, ಸಂಜೆ ಊರವರಿಗೆಲ್ಲ ಕಾರ್ಯಕ್ರಮ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರ್ಗಿಯಲ್ಲಿ ದೂರದರ್ಶನ ಕೇಂದ್ರ ನೆಲೆಗೊಂಡಿತು. ಬೆಂಗಳೂರಿಗಿಂತ ಮೊದಲು ಟೆಲಿವಿಷನ್ ಕಂಡ ಹಳ್ಳಿಗಳು ಈ ಭಾಗದವು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಕಾರ್ಟೂನಿನ ಕಾಲ ಬಂದಾಗ ಮಾತು ಬದಲಾಯಿತು. 1993ರ ಭಾನುವಾರದ ಬೆಳಗುಗಳಲ್ಲಿ ದೂರದರ್ಶನಕ್ಕೆ ಮೋಗ್ಲಿ ಬಂದ. ಚಿತ್ರ ಬರೆದವರು ಜಪಾನಿನವರು, ಮಾತು ಹಿಂದಿಯದು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್, 2004ರಲ್ಲಿ ಪೋಗೋ ಭಾರತದಲ್ಲಿ ಪ್ರಸಾರ ಆರಂಭಿಸಿದವು. ಓಣಿಓಣಿಗೆ ಕೇಬಲ್ ತಂತಿ ಹರಿಯಿತು. ಬೆಕ್ಕು ಇಲಿಗಳ ಓಟಕ್ಕೆ ಭಾಷೆ ಬೇಕಿರಲಿಲ್ಲ. ಉಳಿದ ಕಥೆಗಳಲ್ಲಿ ಹೆಚ್ಚಿನವು ದೂರದೇಶದವು, ಅಲ್ಲಿಯ ಮನೆ, ಅಲ್ಲಿಯ ಊಟ, ಅಲ್ಲಿಯ ಹಬ್ಬ.

ಆ ಹೊತ್ತಿಗೆ ಹೈದರಾಬಾದಿನಲ್ಲಿ ರಾಜೀವ್ ಚಿಲಕಾ ಎಂಬುವರು ಗ್ರೀನ್ ಗೋಲ್ಡ್ ಅನಿಮೇಷನ್ ಎಂಬ ಸಂಸ್ಥೆ ಕಟ್ಟಿದ್ದರು. ವಿಕ್ರಮ ಬೇತಾಳನ ಕಥೆ ಮಾಡಿದರು, ಕೃಷ್ಣನ ಕಥೆ ಮಾಡಿದರು, ಕಡೆಗೆ ಮಹಾಭಾರತದ ಭೀಮನ ಬಲವನ್ನೂ ಹಸಿವನ್ನೂ ಹಳ್ಳಿಯ ಹುಡುಗನೊಬ್ಬನಲ್ಲಿ ತುಂಬಿದರು. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿದರೆ ಹೈದರಾಬಾದ್, ಒಟ್ಟು ದಾರಿ ಸುಮಾರು 150 ಕಿಲೋಮೀಟರ್. 1948ರವರೆಗೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳೆರಡೂ ನಿಜಾಮರ ಸಂಸ್ಥಾನದೊಳಗಿದ್ದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿದ ಮೇಲೂ ಆಸ್ಪತ್ರೆಗೆ, ವ್ಯಾಪಾರಕ್ಕೆ, ಕೆಲಸಕ್ಕೆ ಜನ ಹೋಗಿಬರುತ್ತಿದ್ದುದು ಅದೇ ದಾರಿಯಲ್ಲಿ. ಭೀಮನು ಹೀಗೆ ನೆರೆಯೂರಿನವನಾಗಿಯೇ ಬಂದ.

ಅವನ ಆಳ್ವಿಕೆಯ ಮೊದಲ ಕಾಲ ಊರೊಳಗಿನದು. ಒಂದೊಂದು ಕಥೆಗೆ ಹನ್ನೊಂದು ನಿಮಿಷದಷ್ಟು ಅವಧಿ, ಸಮತಲದ ಸರಳ ಚಿತ್ರ. ಟುನ್‌ಟುನ್ ಮೌಸಿಯ ಲಡ್ಡು ಕಳುವಾಗುತ್ತದೆ. ಕಾಲಿಯಾ, ಧೋಲು, ಭೋಲು ಮಾಡಿದ ಕಿತಾಪತಿ ಬಯಲಿಗೆ ಬೀಳುತ್ತದೆ. ಡಾಕು ಮಂಗಲ್ ಸಿಂಗ್ ಸೆರೆಯಾಗುತ್ತಾನೆ. ಚುಟ್ಕಿ, ರಾಜು, ಜಗ್ಗು ಕೋತಿ ಭೀಮನ ಜೊತೆಗಾರರು. ಕುಸ್ತಿ, ಓಟ, ಮಾವಿನ ತೋಪು, ಅರಸನೆದುರು ಪಂದ್ಯ. ಜಾತ್ರೆಯ ಕುಸ್ತಿ ನೋಡಿ, ಶೇಂಗಾ ಉಂಡಿ ತಿಂದು ಬೆಳೆಯುವ ಮಕ್ಕಳಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಶಕ್ತಿಯೆಂಬುದು ಅನ್ನದಿಂದ ಬರುತ್ತದೆ, ಅದು ದುರ್ಬಲರ ಪರ ನಿಲ್ಲಬೇಕು ಎಂಬ ನೀತಿಯನ್ನು ಆ ಪುಟ್ಟ ಕಥೆಗಳು ಬೋಧಿಸದೆಯೇ ತಿಳಿಸಿದವು. ಇಡೀ ಚರಿತ್ರೆಯಲ್ಲಿ ಅತ್ಯುತ್ತಮ ಕಾಲ ಇದೇ.

ಎರಡನೆಯ ಕಾಲ ದಂಡಯಾತ್ರೆಗಳದ್ದು. ದಿನವೂ ಪ್ರಸಾರವಾಗುವ ಕಥೆಗೆ ಸಣ್ಣ ಊರು ಸಾಲದಾಯಿತು. ಸೂಟಿಯ ದಿನಗಳಿಗೆಂದು ಉದ್ದದ ಚಿತ್ರಗಳು ಹುಟ್ಟಿದವು. ಭೀಮನು ಕೃಷ್ಣನನ್ನೇ ಕಂಡ. 2012ರ ಮೇ ತಿಂಗಳಲ್ಲಿ ದಮ್ಯಾನನೆಂಬ ದುಷ್ಟನ ಶಾಪದ ಕಥೆ ಚಿತ್ರಮಂದಿರಕ್ಕೆ ಬಂತು, 2013ರಲ್ಲಿ ಬಾಲಿ ದ್ವೀಪದ ಸಿಂಹಾಸನ, 2016ರಲ್ಲಿ ಹಿಮಾಲಯ. ಕಳ್ಳರ ಜಾಗಕ್ಕೆ ಮಾಂತ್ರಿಕರು, ರಾಕ್ಷಸರು ಬಂದರು. ವೈರಿ ದೊಡ್ಡವನಾದಷ್ಟೂ ಊರು ಹಿಂದೆ ಸರಿಯಿತು. ಬಹುಕಾಲ ನಡೆಯುವ ಪ್ರತಿಯೊಂದು ಕಥೆಗೂ ಈ ಗತಿ ಬರುತ್ತದೆ: ನಿನ್ನೆಯ ಗೆಲುವಿಗಿಂತ ಇಂದಿನದು ಹಿರಿದಾಗಬೇಕೆಂಬ ಒತ್ತಡ.

ದಮ್ಯಾನನ ಕಥೆಯಲ್ಲಿ ಭೀಮನು ಸಾವಿರ ವರ್ಷ ಹಿಂದಕ್ಕೆ ಹೋಗಿ ಸೋನಾಪುರವೆಂಬ ಹಳೆಯ ನಗರವನ್ನು ಕಾಣುತ್ತಾನೆ. ಬಸವಕಲ್ಯಾಣದ ಮಕ್ಕಳಿಗೆ ಅಂಥ ನಗರ ಕಾಲ ಕೆಳಗೇ ಇದೆ. ಕೋಟೆ, ತ್ರಿಪುರಾಂತಕ ಕೆರೆ, ಕಲ್ಯಾಣದ ಹೆಸರನ್ನು ಹೊತ್ತ ನೂರಾರು ಶಾಸನಗಳು, ಮೀಸಲಿಟ್ಟು ಕಾಯಬೇಕಾದ ನಿಜವಾದ ಸಾವಿರ ವರ್ಷ. ಅದನ್ನು ಬಣ್ಣದಲ್ಲಿ ಎಬ್ಬಿಸಿ ತೋರಿಸಿದ ಕಾರ್ಟೂನು ಅವರ ಪಾಲಿಗೆ ಸಿಗಲಿಲ್ಲ. ಇದು ಭೀಮನ ದೋಷವಲ್ಲ, ನಮ್ಮ ಸಾಲ.

ಮೂರನೆಯ ಕಾಲ ರೂಪಾಂತರಗಳದ್ದು. ನಾಲ್ಕು ವರ್ಷದ ರಾಜು ‘ಮೈಟಿ ರಾಜು’ವಾಗಿ ಸ್ವಂತ ರಾಜ್ಯ ಕಟ್ಟಿಕೊಂಡ. ಕಂಪ್ಯೂಟರಿನಲ್ಲಿ ಉಬ್ಬು ತಗ್ಗು ಪಡೆದ ‘ಸೂಪರ್ ಭೀಮ್’ ಭೂಮಿಯನ್ನೇ ಬಿಟ್ಟು ಹಾರಿದ. 2019ರ ಮೇ ತಿಂಗಳಲ್ಲಿ ಅದೇ ಮೂರು ಆಯಾಮದ ರೂಪದಲ್ಲಿ ಛೋಟಾ ಭೀಮ ಚೀನಾಕ್ಕೆ ಹೋಗಿ ಕುಂಗ್‌ಫೂ ಪಂದ್ಯಕ್ಕೆ ಇಳಿದ. 2024ರಲ್ಲಿ ದಮ್ಯಾನನ ಕಥೆಯನ್ನೇ ಮನುಷ್ಯರಿಂದ ಆಡಿಸಿದರು. ಅನುಪಮ್ ಖೇರ್ ಕೂಡ ಅದರಲ್ಲಿದ್ದರು. ಬರೆದ ಗೆರೆಯೊಂದು ಹದಿನಾರು ವರ್ಷಗಳಲ್ಲಿ ಮೈ ತುಂಬಿಕೊಂಡು, ಕಡೆಗೆ ಮೈಯೇ ಆಯಿತು. ಚಿತ್ರ ನಯವಾಯಿತು, ಆದರೆ ಗೆರೆಯಲ್ಲಿದ್ದಾಗ ಮಗುವಿನ ಕಲ್ಪನೆಗೆ ಉಳಿದಿದ್ದ ಕೆಲಸ ಕಡಿಮೆಯಾಯಿತು.

ಈ ರೂಪಗಳಲ್ಲಿ ಒಂದು ಬೇರೆಯೇ ಜಾತಿಯದು. 2019ರ ಏಪ್ರಿಲಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಮೈಟಿ ಲಿಟಲ್ ಭೀಮ್’ನಲ್ಲಿ ನಾಯಕನು ಅಂಬೆಗಾಲಿಡುವ ಕೂಸು, ಅವನಿಗೆ ಮಾತೇ ಇಲ್ಲ. ಮಾತು ತೊರೆದೊಡನೆ ಧೋಲಕಪುರದ ಅಂಗಳ ದೇಶದೇಶಗಳ ಮನೆ ಹೊಕ್ಕಿತು. ಕಥೆ ಮತ್ತೆ ಊರೊಳಕ್ಕೆ ಬಂದದ್ದೂ ಇಲ್ಲಿಯೇ: ಅಮ್ಮ, ಅಡುಗೆಮನೆ, ಲಡ್ಡು, ಕೋತಿ, ಹಬ್ಬ.

ಬೀದರ್ ಸೀಮೆಯ ಮಕ್ಕಳಿಗೆ ಹಲವು ನುಡಿಗಳು ಹೊರೆಯಲ್ಲ. ಕನ್ನಡ, ಮರಾಠಿ, ದಖನಿ, ತೆಲುಗು ಇಲ್ಲಿ ಒಂದೇ ಓಣಿಯಲ್ಲಿ ಕೇಳುತ್ತವೆ. ಭೀಮನ ಹಿಂದಿ ಅವರಿಗೆ ಸುಲಭವಾಗಿ ತಿಳಿಯಿತು, ಆ ನುಡಿಯಲ್ಲಿಯೇ ಅವರು ಆಡಿದರು, ಪಂದ್ಯ ಕಟ್ಟಿದರು. ಆ ಸಂಪತ್ತನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ. ಆದರೆ ಸಾಹಸ, ತಮಾಷೆ, ಜಗಳ, ರಾಜಿ ಎಲ್ಲವೂ ಪರದೆಯ ಮೇಲೆ ಇನ್ನೊಂದು ನುಡಿಯಲ್ಲಿಯೇ ನಡೆದರೆ, ಕನ್ನಡವು ಪರೀಕ್ಷೆಯ ಮತ್ತು ಹಿರಿಯರ ಭಾಷೆ ಮಾತ್ರ ಎಂದು ಮಗು ಎಣಿಸುತ್ತದೆ. ಆ ಪರಭಾಷೆಯ ಕಥೆಗಳನ್ನು ಕನ್ನಡಕ್ಕೆ ತರಬಹುದಿತ್ತು, ಆದರೆ ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗಿಗೆ ಅಡ್ಡ ನಿಂತಿತು. ಅದಕ್ಕೆ ಕಾರಣಗಳಿದ್ದವು: ಕಲಾವಿದರ, ತಂತ್ರಜ್ಞರ ಅನ್ನ. ಆದರೂ 2011ರಲ್ಲಿ ಸನ್ ಸಮೂಹದ ಚಿಂಟು ಟಿವಿ ಕಾರ್ಟೂನುಗಳಿಗೆ ಕನ್ನಡ ಕಲಿಸಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ತೀರ್ಪಿತ್ತಿತು. ಆ ಹೊತ್ತಿಗೆ ಭೀಮನ ಮೊದಲ ಪ್ರಜೆಗಳು ಹೈಸ್ಕೂಲು ಸೇರಿದ್ದರು.

ಭೀಮನ ಚರಿತ್ರೆ ಕಲಿಸುವುದು ಇಷ್ಟು. ಮಕ್ಕಳ ಕಥೆ ಬದುಕುವುದು ತಂತ್ರದ ಬಲದಿಂದಲ್ಲ. ಅದಕ್ಕೊಂದು ಊರಿರಬೇಕು, ಆ ಊರಿನ ಊಟ, ಆಟ, ಮಾತು ಇರಬೇಕು. ಹೈದರಾಬಾದಿನ ಒಂದು ಸಂಸ್ಥೆ ಕಾಲ್ಪನಿಕ ಊರಿಗೆ ಇವೆಲ್ಲವನ್ನೂ ಕೊಟ್ಟು ದೇಶವನ್ನೇ ಗೆದ್ದಿತು. ನಮ್ಮಲ್ಲಿ ಊರು ಕಾಲ್ಪನಿಕವಲ್ಲ. ದೊಡ್ಡವರಿಗೆ ಬದುಕಿನ ಅತಿ ಗಹನವಾದ ಮಾತುಗಳನ್ನು ಕಲ್ಯಾಣದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಆಡುಗನ್ನಡದಲ್ಲಿ ಹೇಳಲಾಯಿತು. ಅದೇ ನೆಲದ ಮಗುವಿಗೆ ಅದರ ವೀರನನ್ನು ಅದರ ಮಾತಿನಲ್ಲಿ, ಜಲಸಂಗಿಯ ಶಿಲ್ಪಿಯ ನಿಷ್ಠೆಯಿಂದ ಬರೆದುಕೊಡುವುದು ಕನ್ನಡದ ಚಿತ್ರಕಾರರ, ಕಥೆಗಾರರ, ಹಣ ಹೂಡಬಲ್ಲವರ ಕರ್ತವ್ಯ. ಇಂದು ಐದು ವರ್ಷದವರಾದ ಮಕ್ಕಳು ಹೈಸ್ಕೂಲು ಸೇರುವ ಮೊದಲೇ ಆ ಕೆಲಸ ಕೈಗೂಡಬೇಕು.