ಕೆಂಪಾಗದ ಕಣ್ಣಿನೊಳಗಿನ ಉರಿ: ಈಲ್ಸ್ ಕಾಯಿಲೆ ಮತ್ತು ರೆಟಿನಾ ಚಿತ್ರಗಳ ಕಥೆ

ಕಣ್ಣಿನ ಉರಿಯೂತ ಎಂದೊಡನೆ ನಿಮಗೆ ನೆನಪಾಗುವುದು ಕೆಂಪಗಾಗಿ ನೀರು ಸುರಿಸುವ ಕಣ್ಣು. ಆದರೆ ಉರಿಯೂತ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿದ್ದರೆ ಕಣ್ಣು ಬೆಳ್ಳಗೇ ಇರಬಹುದು, ನೋವೂ ಇಲ್ಲದಿರಬಹುದು. ಈಲ್ಸ್ ಕಾಯಿಲೆ ಅಂಥದ್ದು. ರೆಟಿನಾದ ಅಂಚಿನ ರಕ್ತನಾಳಗಳಿಗೆ ಉರಿಯೂತ ತಗಲುತ್ತದೆ. ಮುಂದೊಂದು ದಿನ ಕಣ್ಣೊಳಗೆ ರಕ್ತ ಸೋರಿ ನೋಟ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಇದು ಹೆಚ್ಚಾಗಿ ಕಾಡುವುದು ಯುವಕರನ್ನು. ಪಶ್ಚಿಮದ ದೇಶಗಳಲ್ಲಿ ಇಂದು ಅಪರೂಪವಾದ ಈ ಕಾಯಿಲೆ ಭಾರತದಲ್ಲಿ ಈಗಲೂ ಕಾಣಸಿಗುತ್ತದೆ. ಹೊರನಾಡಿನಲ್ಲಿರುವ ನಾವು ಇದರ ಕಥೆ ತಿಳಿದಿರುವುದು ಒಳ್ಳೆಯದು.

ಜೀವಂತ ಕಣ್ಣಿನ ಒಳಗನ್ನು ನೋಡುವ ದಾರಿ ತೆರೆದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. 1851ರಲ್ಲಿ ಅವರು ತಮ್ಮ ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣದ ವಿವರ ಪ್ರಕಟಿಸಿದರು. 1880ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೈದ್ಯ ಹೆನ್ರಿ ಈಲ್ಸ್, ರೆಟಿನಾದಲ್ಲಿ ಮತ್ತೆ ಮತ್ತೆ ರಕ್ತಸ್ರಾವವಾಗುತ್ತಿದ್ದ ಯುವಕರ ಬಗ್ಗೆ ಬರೆದರು. ಅವರ ಗಮನಕ್ಕೆ ಬಂದದ್ದು ರಕ್ತ. ಜೊತೆಗೆ ರೋಗಿಗಳ ಮಲಬದ್ಧತೆ, ಮೂಗಿನಿಂದ ರಕ್ತ ಸುರಿಯುವಿಕೆ. ಅದರ ಹಿಂದಿದ್ದ ಉರಿಯೂತವನ್ನು ಅವರು ಗುರುತಿಸಲಿಲ್ಲ. ಅದನ್ನು ಹೇಳಿದವರು 1887ರಲ್ಲಿ ವಾಡ್ಸ್‌ವರ್ತ್. ಉಪಕರಣ ಕೈಯಲ್ಲಿದ್ದರೂ ನೋಡಿದ್ದು ನೋಡಿದವರ ನೆನಪಿನಲ್ಲಿ, ಕೈಚಿತ್ರದಲ್ಲಿ ಮಾತ್ರ ಉಳಿಯುತ್ತಿದ್ದ ಕಾಲ ಅದು.

1886ರಲ್ಲಿ ಬ್ರಿಸ್ಟಲ್‌ನ ಜ್ಯಾಕ್‌ಮನ್ ಮತ್ತು ವೆಬ್‌ಸ್ಟರ್ ಜೀವಂತ ಮನುಷ್ಯನ ರೆಟಿನಾದ ಫೋಟೋ ಪ್ರಕಟಿಸಿದರು. ಅದಕ್ಕೆ ಎರಡೂವರೆ ನಿಮಿಷ ಬೆಳಕು ಹಿಡಿಯಬೇಕಾಯಿತು! ಚಿತ್ರ ಮಸುಕಾಗಿತ್ತು. ಆದರೂ ನಿನ್ನೆಯ ಕಣ್ಣನ್ನು ಇಂದಿನದರ ಪಕ್ಕದಲ್ಲಿಟ್ಟು ಹೋಲಿಸಬಹುದು ಎಂಬ ಆಸೆ ಅಲ್ಲಿ ಹುಟ್ಟಿತು.

ದೊಡ್ಡ ತಿರುವು ಬಂದದ್ದು ಅಮೆರಿಕದ ಇಂಡಿಯಾನಾದಲ್ಲಿ. ಅಲ್ಲಿನ ವೈದ್ಯಕೀಯ ವಿದ್ಯಾರ್ಥಿಗಳಾದ ಹೆರಾಲ್ಡ್ ನೊವಾಟ್ನಿ ಮತ್ತು ಡೇವಿಡ್ ಆಲ್ವಿಸ್, ಫ್ಲೂರೆಸೀನ್ ಎಂಬ ಬಣ್ಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚಿ, ನೀಲಿ ಬೆಳಕು ಹಾಯಿಸಿ, ರೆಟಿನಾದ ನಾಳಗಳಲ್ಲಿ ಅದು ಹಸಿರಾಗಿ ಹೊಳೆಯುವುದನ್ನು ಚಿತ್ರಿಸಿದರು. ಮೊದಲು ಯಾರಿಗೆ ಚುಚ್ಚುವುದು? ನಾಣ್ಯ ಚಿಮ್ಮಿದರು, ಆಲ್ವಿಸ್ ಸೋತು ತೋಳು ಚಾಚಿದರು. ಕಣ್ಣಿನ ವೈದ್ಯರ ಪತ್ರಿಕೆ ಇವರ ಲೇಖನವನ್ನು ಒಪ್ಪಲಿಲ್ಲ. ಕೊನೆಗೆ 1961ರಲ್ಲಿ ಅದು ಪ್ರಕಟವಾದದ್ದು ಹೃದ್ರೋಗದ ಪತ್ರಿಕೆ 'ಸರ್ಕ್ಯುಲೇಷನ್'ನಲ್ಲಿ.

ಇದರಿಂದ ಈಲ್ಸ್ ಕಾಯಿಲೆಗೆ ಆದ ಲಾಭವೇನು? ಆರೋಗ್ಯವಂತ ನಾಳ ಬಣ್ಣವನ್ನು ತನ್ನೊಳಗೇ ಹಿಡಿದಿಡುತ್ತದೆ. ಉರಿಯೂತವಿದ್ದ ನಾಳ ಸೋರುತ್ತದೆ, ಅದರ ಗೋಡೆಯೇ ಹೊಳೆಯುತ್ತದೆ. ರಕ್ತ ತಲುಪದ ಜಾಗ ಕಪ್ಪಾಗಿ ಉಳಿಯುತ್ತದೆ. ಹಸಿದ ಆ ಜಾಗ ದುರ್ಬಲವಾದ ಹೊಸ ನಾಳಗಳನ್ನು ಬೆಳೆಸುತ್ತದೆ; ಒಡೆದು ರಕ್ತ ಸುರಿಸುವುದು ಅವೇ. ಸ್ಟೆರಾಯ್ಡ್ ಮುಂದುವರಿಸಬೇಕೇ, ಲೇಸರ್ ಎಲ್ಲಿಗೆ ಹಾಯಿಸಬೇಕು ಎಂಬುದಕ್ಕೆ ವೈದ್ಯರಿಗೆ ನಕ್ಷೆ ಸಿಕ್ಕಂತಾಯಿತು. ಕಾರಣ ಹುಡುಕುವ ಕೆಲಸವೂ ನಡೆಯಿತು: ಕೆಲವು ರೋಗಿಗಳ ಕಣ್ಣಿನಲ್ಲಿ ಕ್ಷಯದ ರೋಗಾಣುವಿನ ಡಿಎನ್‌ಎಯನ್ನು ಚೆನ್ನೈನ ಶಂಕರ ನೇತ್ರಾಲಯದ ಸಂಶೋಧಕರು ಕಂಡರು.

ಒಂದು ಕೊರತೆ ಉಳಿದಿತ್ತು. ಸಾಮಾನ್ಯ ಕ್ಯಾಮೆರಾ ಒಮ್ಮೆಗೆ ಸೆರೆಹಿಡಿಯುತ್ತಿದ್ದದ್ದು ರೆಟಿನಾದ ನಡುಭಾಗವನ್ನು, 30ರಿಂದ 50 ಡಿಗ್ರಿಯಷ್ಟು. ಈ ಕಾಯಿಲೆಯೋ ಅಂಚಿನದು. ಸ್ಕಾಟ್ಲೆಂಡಿನ ಡಗ್ಲಾಸ್ ಆ್ಯಂಡರ್ಸನ್ ಅವರ ಪುಟ್ಟ ಮಗ, ರೆಟಿನಾ ಕಳಚಿದ್ದು ತಡವಾಗಿ ಗೊತ್ತಾಗಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ. ಆ ತಂದೆ 1992ರಲ್ಲಿ ಆಪ್ಟೋಸ್ ಕಂಪನಿ ಕಟ್ಟಿದರು. ಅದರ ಯಂತ್ರ ಒಂದೇ ಚಿತ್ರದಲ್ಲಿ 200 ಡಿಗ್ರಿಯವರೆಗೆ ತೋರಿಸುತ್ತದೆ.

ಈ ಕಥೆಯಿಂದ ನೀವು ಮನೆಗೆ ಒಯ್ಯಬೇಕಾದದ್ದು ಇಷ್ಟು. ಕಣ್ಣಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆ, ಜೇಡರಬಲೆಯಂಥ ನೆರಳು ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಈಗಾಗಲೇ ಚಿಕಿತ್ಸೆಯಲ್ಲಿದ್ದರೆ, ಊರು ಅಥವಾ ದೇಶ ಬದಲಿಸುವಾಗ ಹಳೆಯ ಚಿತ್ರಗಳ ಪ್ರತಿ ಕೇಳಿ ಪಡೆದು ಜೊತೆಗೊಯ್ಯಿರಿ. ಹೊಸ ವೈದ್ಯರಿಗೆ ನಿಮ್ಮ ಕಣ್ಣಿನ ನಿನ್ನೆಯನ್ನು ತೋರಿಸಬಲ್ಲವು ಅವು ಮಾತ್ರ.