ಮನೆ ಪರವಾಗಿಲ್ಲ, ದೇಶ ಸರಿಯಿಲ್ಲ: ಜನರ ಭರವಸೆಯನ್ನು ಅಳೆದ ಎಂಟು ದಶಕಗಳು

2022ರ ಜೂನ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಗ್ರಾಹಕ ಮನೋಭಾವ ಸೂಚ್ಯಂಕ 50ಕ್ಕೆ ಕುಸಿಯಿತು. ಏಳು ದಶಕಗಳ ಲೆಕ್ಕದಲ್ಲಿ ಅದು ಅಷ್ಟು ಕೆಳಗೆ ಹೋದದ್ದು ಅದೇ ಮೊದಲು. ಬ್ಯಾಂಕುಗಳು ಸಾಲುಸಾಲಾಗಿ ಉರುಳುತ್ತಿದ್ದ 2008ರ ನವೆಂಬರ್‌ನಲ್ಲೂ ಅದು 55ರ ಮೇಲಿತ್ತು. ಆದರೆ 2022ರ ಆ ತಿಂಗಳು ಅಮೆರಿಕದಲ್ಲಿ ನಿರುದ್ಯೋಗ ಇದ್ದದ್ದು ಶೇ 3.6 ಮಾತ್ರ. ಕೆಲಸ ಹುಡುಕಿದವರಿಗೆ ಕೆಲಸ ಸಿಗುತ್ತಿತ್ತು, ಕೂಲಿಯೂ ಏರುತ್ತಿತ್ತು. ಹಣದುಬ್ಬರ ಮಾತ್ರ ಶೇ 9.1ಕ್ಕೆ ಮುಟ್ಟಿತ್ತು. ದೇಶ ದಿಕ್ಕು ತಪ್ಪಿದೆ ಎಂದು ಜನ ಹೇಳುತ್ತಿದ್ದರೆ, ಅಂಕಿಅಂಶ ಹಾಗೆ ಹೇಳುತ್ತಿಲ್ಲವಲ್ಲ ಎಂದು ಅರ್ಥಶಾಸ್ತ್ರಜ್ಞರು ತಲೆ ಕೆಡಿಸಿಕೊಂಡರು. ಜನರಿಗೆ ತಿಳಿವಳಿಕೆ ಸಾಲದು ಎಂದವರೂ ಇದ್ದರು.

ಈ ಜಗಳ ಹೊಸದಲ್ಲ. ದೇಶದ ದಾರಿಯ ಬಗ್ಗೆ, ಹಣಕಾಸಿನ ಬಗ್ಗೆ ಜನರಿಗಿರುವ ಭರವಸೆಯನ್ನು ಅಳೆಯಲು ಹೊರಟ ದಿನದಿಂದಲೂ ಇದು ನಡೆದಿದೆ. ಜನರ ಉತ್ತರವನ್ನು ತಪ್ಪೆಂದು ತಿದ್ದುವುದು ಬಿಟ್ಟು ಅದನ್ನೇ ಒಂದು ಸುದ್ದಿಯಾಗಿ ಓದಲು ಕಲಿತದ್ದು ಈ ಕ್ಷೇತ್ರದ ನಿಜವಾದ ಬೆಳವಣಿಗೆ ಎಂದು ನಾನು ನಂಬಿದ್ದೇನೆ. ಆ ಕಲಿಕೆ ಇನ್ನೂ ಅರ್ಧದಲ್ಲಿದೆ.

ಕೇನ್ಸ್ 1936ರಲ್ಲೇ ಬಂಡವಾಳ ಹೂಡುವವರ ಹುಮ್ಮಸ್ಸು ಲೆಕ್ಕಾಚಾರವನ್ನು ಮೀರಿದ್ದು ಎಂದು ಬರೆದಿದ್ದರು. ಆದರೆ ಅವರ ಕಣ್ಣು ಇದ್ದದ್ದು ಉದ್ಯಮಿಗಳ ಮೇಲೆ. ಮನೆ ನಡೆಸುವವರನ್ನು ಕೇಳಬೇಕು ಎಂದು ಹಟ ಹಿಡಿದವರು ಜಾರ್ಜ್ ಕಟೋನಾ. 1901ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಜರ್ಮನಿಯಲ್ಲಿ ಮನಶ್ಶಾಸ್ತ್ರ ಓದಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ ಅಮೆರಿಕ ಸೇರಿದವರು ಅವರು. ಜರ್ಮನಿಯ ಮಹಾ ಹಣದುಬ್ಬರವನ್ನು ಅವರ ತಲೆಮಾರು ಕಣ್ಣಾರೆ ಕಂಡಿತ್ತು. ಹಣದ ಮೇಲಿನ ನಂಬಿಕೆ ಹೋದರೆ ಸಂತೆಯಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಅವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಹಲವು ತಜ್ಞರು 1930ರ ದಶಕದ ಮುಗ್ಗಟ್ಟು ಮರಳುತ್ತದೆ ಎಂದು ಎಚ್ಚರಿಸಿದರು. ಸೈನಿಕರು ಊರಿಗೆ ಬರುತ್ತಾರೆ, ಕಾರ್ಖಾನೆಗಳಿಗೆ ಯುದ್ಧದ ಬೇಡಿಕೆ ನಿಲ್ಲುತ್ತದೆ ಎಂಬ ಅವರ ತರ್ಕ ಗಟ್ಟಿಯಾಗಿಯೇ ಇತ್ತು. ಕಟೋನಾ ತಂಡ ಮನೆಮನೆಗೆ ಹೋಗಿ ಕೇಳಿದಾಗ ಸಿಕ್ಕ ಉತ್ತರ ಬೇರೆ. ಜನರ ಕೈಯಲ್ಲಿ ಯುದ್ಧಕಾಲದ ಉಳಿತಾಯ ಇತ್ತು. ಮುಂದೆ ಒಳ್ಳೆಯ ದಿನ ಬರುತ್ತದೆ ಎಂಬ ನಂಬಿಕೆಯೂ ಇತ್ತು. ಮುಗ್ಗಟ್ಟು ಬರಲಿಲ್ಲ. 1946ರಲ್ಲಿ ಈ ತಂಡ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ನೆಲೆ ಬದಲಿಸಿತು. ಕೆಲವೇ ವರ್ಷಗಳಲ್ಲಿ ಐದು ಪ್ರಶ್ನೆಗಳ ಸೂಚ್ಯಂಕ ರೂಪುಗೊಂಡಿತು: ಹೋದ ವರ್ಷಕ್ಕಿಂತ ಈಗ ನಿಮ್ಮ ಮನೆಯ ಹಣಕಾಸು ಹೇಗಿದೆ, ಬರುವ ವರ್ಷ ಹೇಗಿರಬಹುದು, ಮುಂದಿನ ಹನ್ನೆರಡು ತಿಂಗಳು ದೇಶದ ವ್ಯವಹಾರ ಹೇಗೆ ನಡೆದೀತು, ಮುಂದಿನ ಐದು ವರ್ಷ ಹೇಗೆ, ಮನೆಗೆ ದೊಡ್ಡ ಸಾಮಾನು ಕೊಳ್ಳಲು ಇದು ಒಳ್ಳೆಯ ಕಾಲವೇ.

ಎರಡು ಪ್ರಶ್ನೆ ಮನೆಯ ಬಗ್ಗೆ, ಎರಡು ದೇಶದ ಬಗ್ಗೆ, ಒಂದು ಅಂಗಡಿಯ ಬಗ್ಗೆ. ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರದ ಎಲ್ಲ ತಕರಾರುಗಳೂ ಇವುಗಳ ನಡುವಿನ ಸಂಬಂಧದ ಸುತ್ತಲೇ ಸುತ್ತಿವೆ.

ಮೊದಲ ತಕರಾರು ತೆಗೆದವರು ಮುಂದೆ ನೊಬೆಲ್ ಪಡೆದ ಜೇಮ್ಸ್ ಟೋಬಿನ್. ಒಂದೇ ಮನೆಗಳನ್ನು ಎರಡು ಸಲ ಕೇಳಿದ್ದ ಮಾಹಿತಿ ಹಿಡಿದು 1959ರಲ್ಲಿ ಅವರು ತೋರಿಸಿದ್ದು ಇಷ್ಟು: ಕಾರು ಕೊಳ್ಳುತ್ತೇನೆ ಎಂದವರು ಕೊಂಡದ್ದುಂಟು, ಆದರೆ ಕಾಲ ಚೆನ್ನಾಗಿದೆ ಎಂದವರು ಚೆನ್ನಾಗಿಲ್ಲ ಎಂದವರಿಗಿಂತ ಹೆಚ್ಚು ಖರ್ಚು ಮಾಡಲಿಲ್ಲ. ಹಾಗಾದರೆ ಮನೋಭಾವ ಕೇಳಿ ಏನು ಪ್ರಯೋಜನ? ಒಬ್ಬೊಬ್ಬರ ಉತ್ತರ ಅಡ್ಡಾದಿಡ್ಡಿಯಾಗಿದ್ದರೂ ಇಡೀ ಜನಸಮುದಾಯದ ಮನಸ್ಸು ಒಂದೇ ಕಡೆ ವಾಲಿದಾಗ ಅದು ಖರ್ಚಿನಲ್ಲಿ ಕಾಣುತ್ತದೆ ಎಂದು ಕಟೋನಾ ಉತ್ತರಿಸಿದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. 1994ರಲ್ಲಿ ಕ್ಯಾರೊಲ್, ಫ್ಯೂರರ್ ಮತ್ತು ವಿಲ್‌ಕಾಕ್ಸ್ ಮತ್ತೆ ಪರೀಕ್ಷಿಸಿದಾಗ, ಮನೋಭಾವವೊಂದನ್ನೇ ಇಟ್ಟುಕೊಂಡರೆ ಮುಂದಿನ ಖರ್ಚಿನ ಏರಿಳಿತದಲ್ಲಿ ಸುಮಾರು ಶೇ 14ರಷ್ಟನ್ನು ವಿವರಿಸಬಹುದು ಎಂದು ಕಂಡಿತು; ಆದಾಯದಂಥ ಬೇರೆ ಮಾಹಿತಿಯನ್ನೂ ಸೇರಿಸಿದರೆ ಅದರ ಪಾಲು ಬಹಳ ಕುಗ್ಗುತ್ತಿತ್ತು. ಭವಿಷ್ಯ ಹೇಳುವ ಸಾಧನವಾಗಿ ಈ ಸೂಚ್ಯಂಕ ಸಾಧಾರಣದ್ದು. ಅದರ ಬೆಲೆ ಬೇರೆ ಕಡೆ ಇದೆ.

ಅದನ್ನು ಬೇರೆ ಕಡೆ ಹುಡುಕಿದವರಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಮೊದಲಿಗರು. 1960ರ ದಶಕದ ಆರಂಭದಲ್ಲಿ ಅವರು ಹನ್ನೆರಡಕ್ಕೂ ಹೆಚ್ಚು ದೇಶಗಳಲ್ಲಿ ಜನರ ಮುಂದೆ ಒಂದು ಏಣಿಯ ಚಿತ್ರ ಇಟ್ಟರು. ನೀವು ಕಲ್ಪಿಸಬಹುದಾದ ಅತ್ಯುತ್ತಮ ಬದುಕು ಮೇಲಿನ ಹತ್ತನೇ ಮೆಟ್ಟಿಲು, ಅತಿ ಕೆಟ್ಟದ್ದು ಸೊನ್ನೆ. ಈಗ ಎಲ್ಲಿದ್ದೀರಿ, ಐದು ವರ್ಷದ ಹಿಂದೆ ಎಲ್ಲಿದ್ದಿರಿ, ಐದು ವರ್ಷದ ನಂತರ ಎಲ್ಲಿರುತ್ತೀರಿ? ದೇಶದ ಬಗ್ಗೆಯೂ ಇದೇ ಪ್ರಶ್ನೆ. ಅಮೆರಿಕನ್ನರು ತಮ್ಮ ಬದುಕಿಗೆ ಸರಾಸರಿ 6.6 ಕೊಟ್ಟರು, ಭಾರತೀಯರು 3.7. ಆಹಾರಧಾನ್ಯಕ್ಕೆ ಹಡಗು ಕಾಯುತ್ತಿದ್ದ ಕಾಲ ಅದು. ಇಂದಿಗೂ ವಿಶ್ವ ಸಂತೋಷ ವರದಿಯಲ್ಲಿ ಬಳಸುವುದು ಈ ಏಣಿಯನ್ನೇ. ಅಳತೆಗೋಲನ್ನು ಕೇಳುವವರು ತರಲಿಲ್ಲ, ಉತ್ತರ ಹೇಳುವವರೇ ತಂದುಕೊಂಡರು. ಕ್ಯಾಂಟ್ರಿಲ್‌ರ ಈ ಯೋಚನೆಯಲ್ಲಿ ಜನರ ಬಗ್ಗೆ ದೊಡ್ಡ ಗೌರವವಿದೆ.

1970ರ ದಶಕದಲ್ಲಿ ಇಂಥ ಪ್ರಶ್ನೆಗಳು ರಾಜಕಾರಣದ ಒಳಗೆ ಬಂದವು. ಯುರೋಪಿನಲ್ಲಿ 1972ರಿಂದ ಒಂದೇ ಮಾದರಿಯ ಗ್ರಾಹಕ ಸಮೀಕ್ಷೆ ಶುರುವಾಗಿ, ಮನೆಯ ಸ್ಥಿತಿ ಮತ್ತು ದೇಶದ ಸ್ಥಿತಿಯನ್ನು ಬೇರೆಬೇರೆಯಾಗಿ ಕೇಳತೊಡಗಿದರು. ಅಮೆರಿಕದಲ್ಲಿ ದೇಶ ಸರಿದಾರಿಯಲ್ಲಿದೆಯೇ ಎಂದು ಕೇಳುವುದು ವಾಡಿಕೆಯಾಯಿತು. 1979ರ ಬೇಸಿಗೆಯಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು. ದೇಶ ನಡೆಯುತ್ತಿರುವ ರೀತಿ ತೃಪ್ತಿ ತಂದಿದೆ ಎಂದು ಗ್ಯಾಲಪ್ ಸಂಸ್ಥೆಗೆ ಹೇಳಿದವರು ಆ ಜುಲೈಯಲ್ಲಿ ಶೇ 12 ಮಾತ್ರ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಮೀಕ್ಷಾ ಸಲಹೆಗಾರ ಪ್ಯಾಟ್ ಕ್ಯಾಡೆಲ್, ಜನ ಭವಿಷ್ಯದ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತಿದ್ದಾರೆ ಎಂದು ವಾದಿಸಿದರು. ಕಾರ್ಟರ್ ಹತ್ತು ದಿನ ಕ್ಯಾಂಪ್ ಡೇವಿಡ್‌ನಲ್ಲಿ ಹಲವರನ್ನು ಕರೆಸಿ ಚರ್ಚಿಸಿ, ಜುಲೈ 15ರಂದು ಟಿ.ವಿ.ಯಲ್ಲಿ ದೇಶದ ವಿಶ್ವಾಸವೇ ಬಿಕ್ಕಟ್ಟಿನಲ್ಲಿದೆ ಎಂದು ಭಾಷಣ ಮಾಡಿದರು. ಆ ಭಾಷಣಕ್ಕೆ ಜನ ಮೊದಮೊದಲು ಚೆನ್ನಾಗಿ ಸ್ಪಂದಿಸಿದರು. ಆದರೆ ಕೆಲವೇ ದಿನಗಳಲ್ಲಿ ಹಲವು ಸಚಿವರು ಹೊರನಡೆದಾಗ ಆ ಸ್ಪಂದನ ಕರಗಿತು. ಮರುವರ್ಷ ರೇಗನ್ ಮತದಾರರಿಗೆ, ನಾಲ್ಕು ವರ್ಷದ ಹಿಂದಿಗಿಂತ ನೀವು ಈಗ ಚೆನ್ನಾಗಿದ್ದೀರಾ ಎಂದು ಕೇಳಿ ಗೆದ್ದರು. ಕಾರ್ಟರ್ ನಿರಾಶೆಯನ್ನು ಜನರ ಮನಸ್ಸಿನ ಕಾಯಿಲೆಯಾಗಿ ಕಂಡರು. ರೇಗನ್ ಅದನ್ನು ಕಟೋನಾರ ಮೊದಲನೇ ಪ್ರಶ್ನೆಗೆ ಮರಳಿಸಿದರು.

ಕುತೂಹಲದ ಸಂಗತಿಯೆಂದರೆ, ಹೊಸ ಸಂಶೋಧನೆ ಅದೇ ಹೊತ್ತಿಗೆ ಇದಕ್ಕೆ ಎದುರು ದಿಕ್ಕಿನಲ್ಲಿ ಸಾಗಿತ್ತು. ಡೊನಾಲ್ಡ್ ಕಿಂಡರ್ ಮತ್ತು ರೊಡೆರಿಕ್ ಕೀವಿಯೆಟ್ 1981ರಲ್ಲಿ ತೋರಿಸಿದಂತೆ, ಮತದಾರರು ಸ್ವಂತ ಜೇಬಿಗಿಂತ ದೇಶದ ಆರ್ಥಿಕ ಸ್ಥಿತಿಯನ್ನು ನೋಡಿ ಮತ ಹಾಕುವುದೇ ಹೆಚ್ಚು. ನನ್ನ ಕೆಲಸ ಉಳಿದಿದ್ದರೂ ಪಕ್ಕದ ಮನೆಯವನ ಕೆಲಸ ಹೋದದ್ದು ನನ್ನ ಮತವನ್ನು ಬದಲಿಸಬಲ್ಲದು.

ಇಲ್ಲೇ ಒಂದು ಒಗಟು ಎದುರಾಯಿತು. ದೇಶದೇಶಗಳಲ್ಲಿ ಜನ ತಮ್ಮ ಮನೆಯ ಬಗ್ಗೆ ಪರವಾಗಿಲ್ಲ ಎನ್ನುತ್ತ ದೇಶದ ಬಗ್ಗೆ ಕೆಟ್ಟಿದೆ ಎನ್ನುವುದು ಪದೇ ಪದೇ ಕಂಡುಬಂತು. ಅಮೆರಿಕದ ಫೆಡರಲ್ ರಿಸರ್ವ್ 2021ರ ಕೊನೆಯಲ್ಲಿ ಕೇಳಿದಾಗ ಶೇ 78 ಮಂದಿ ತಮ್ಮ ಹಣಕಾಸು ತಕ್ಕಮಟ್ಟಿಗಾದರೂ ಚೆನ್ನಾಗಿದೆ ಎಂದರು. ತಮ್ಮ ಊರಿನ ಆರ್ಥಿಕತೆ ಚೆನ್ನಾಗಿದೆ ಎಂದವರು ಶೇ 48. ದೇಶದ್ದು ಚೆನ್ನಾಗಿದೆ ಎಂದವರು ಬರೀ ಶೇ 24. ಕಣ್ಣಿಗೆ ದೂರವಾದಷ್ಟೂ ಲೋಕ ಕತ್ತಲಾಗುತ್ತದೆ. ದೂರದ ಸ್ಥಿತಿ ತಿಳಿಯಲು ಸುದ್ದಿಯೊಂದೇ ದಾರಿ. ಮಾರ್ಕ್ ಡೋಮ್ಸ್ ಮತ್ತು ನಾರ್ಮನ್ ಮೊರಿನ್ 2004ರಲ್ಲೇ, ಪತ್ರಿಕೆಗಳ ಧ್ವನಿ ಮತ್ತು ಸುದ್ದಿಯ ಪ್ರಮಾಣ ಗ್ರಾಹಕರ ಮನೋಭಾವವನ್ನು ವಾಸ್ತವಕ್ಕಿಂತ ಆಚೆ ಎಳೆಯಬಲ್ಲವು ಎಂದು ಹೇಳಿದ್ದರು. ಪಕ್ಷನಿಷ್ಠೆಯೂ ಸೇರಿಕೊಂಡಿತು. 2016ರ ನವೆಂಬರ್ ಚುನಾವಣೆ ಮುಗಿದ ಕೂಡಲೇ ರಿಪಬ್ಲಿಕನ್ ಬೆಂಬಲಿಗರ ಭರವಸೆ ಜಿಗಿಯಿತು, ಡೆಮಾಕ್ರಾಟರದ್ದು ಬಿತ್ತು, 2020ರಲ್ಲಿ ತಿರುಗುಮುರುಗಾಯಿತು. ಆತಿಫ್ ಮಿಯಾನ್, ಅಮೀರ್ ಸೂಫಿ ಮತ್ತು ನಸೀಮ್ ಖೋಷ್‌ಖೂ ಅವರು ಈ ಏರಿಳಿತವನ್ನು ನಿಜವಾದ ಖರ್ಚಿನ ಜೊತೆ ಹೋಲಿಸಿದಾಗ, ಮಾತು ಬದಲಾದಷ್ಟು ಖರ್ಚು ಬದಲಾಗಿರಲಿಲ್ಲ.

ಹಾಗೆಂದು 2022ರ ನಿರಾಶೆಯನ್ನು ಸುದ್ದಿಯ ಮತ್ತು ಪಕ್ಷದ ಸೃಷ್ಟಿ ಎಂದು ತಳ್ಳಿಹಾಕಿದರೆ ಜನರಿಗೆ ಅನ್ಯಾಯ ಮಾಡಿದಂತೆ. ರಾಬರ್ಟ್ ಶಿಲ್ಲರ್ 1990ರ ದಶಕದಲ್ಲಿ ಕೇಳಿದ್ದ ಪ್ರಶ್ನೆಯನ್ನು ಸ್ಟೆಫನಿ ಸ್ಟಾಂಚೇವಾ 2024ರಲ್ಲಿ ಮತ್ತೆ ಕೇಳಿದರು: ಹಣದುಬ್ಬರ ಎಂದರೆ ಜನರಿಗೆ ಏಕೆ ಇಷ್ಟು ಅಸಹನೆ? ಸಂಬಳ ಏರಿದ್ದು ತಮ್ಮ ದುಡಿಮೆಯಿಂದ ಎಂದೂ, ಬೆಲೆ ಏರಿ ಅದನ್ನು ಕಸಿದುಕೊಂಡಿತು ಎಂದೂ ಜನ ಭಾವಿಸುತ್ತಾರೆ ಎಂಬುದು ಆಕೆಗೆ ಸಿಕ್ಕ ಉತ್ತರ. ಇನ್ನೊಂದು ಸಂಶೋಧನೆ ಲ್ಯಾರಿ ಸಮರ್ಸ್ ಮತ್ತು ಸಹಲೇಖಕರದ್ದು: ಮನೆಸಾಲ, ವಾಹನಸಾಲಗಳ ಬಡ್ಡಿ ಏರಿದ್ದು ಅಧಿಕೃತ ಬೆಲೆ ಸೂಚ್ಯಂಕದಲ್ಲಿ ಸೇರುವುದೇ ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದರೆ ಜನರ ಬೇಸರಕ್ಕೂ ಅಂಕಿಅಂಶಕ್ಕೂ ನಡುವಿನ ಅಂತರ ಬಹುಮಟ್ಟಿಗೆ ಮುಚ್ಚುತ್ತದೆ. ಮಾಸಿಕ ಕಂತು ಕಟ್ಟುವವರಿಗೆ ಇದು ಹೊಸ ವಿಷಯವೇನಲ್ಲ. ಹಣದುಬ್ಬರ ಇಳಿದಿದೆ ಎಂದು ಸರ್ಕಾರ ಹೇಳುವಾಗ ಬೆಲೆ ಏರುವ ವೇಗ ಇಳಿದಿರುತ್ತದೆಯೇ ಹೊರತು ಬೆಲೆ ಇಳಿದಿರುವುದಿಲ್ಲ. ತೊಗರಿಬೇಳೆ ತರಲು ಹೋದವರು ನೆನಪಿಟ್ಟುಕೊಳ್ಳುವುದು ಬೆಲೆಯನ್ನು.

ಭಾರತದಲ್ಲಿ ಈ ಕೆಲಸ ಬೇಗ ಹುಟ್ಟಿ ನಿಧಾನವಾಗಿ ಬೆಳೆಯಿತು. ಎರಿಕ್ ಡ ಕೋಸ್ಟಾ 1950ರ ದಶಕದಲ್ಲೇ ದೆಹಲಿಯಲ್ಲಿ ಜನಾಭಿಪ್ರಾಯ ಸಂಸ್ಥೆ ಕಟ್ಟಿದ್ದರು. ರಜನಿ ಕೊಠಾರಿ 1963ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್, 1960ರ ದಶಕದಿಂದಲೇ ಮತದಾರರ ಅಧ್ಯಯನ ನಡೆಸಿತು. ಆದರೂ 2004ರಲ್ಲಿ ಎಲ್ಲರೂ ಬೆಚ್ಚಿಬಿದ್ದರು. 2003–04ರಲ್ಲಿ ಬೆಳವಣಿಗೆ ದರ ಶೇ 8ರ ಆಸುಪಾಸು. ‘ಇಂಡಿಯಾ ಶೈನಿಂಗ್’ ಜಾಹೀರಾತು ಎಲ್ಲೆಲ್ಲೂ. ಕೇಂದ್ರದಲ್ಲಿ ವಾಜಪೇಯಿ ಸರ್ಕಾರ ಸೋತಿತು. ಬೆಂಗಳೂರನ್ನು ಮಾಹಿತಿ ತಂತ್ರಜ್ಞಾನದ ಹೆಸರಿನಲ್ಲಿ ಜಗತ್ತಿನ ನಕ್ಷೆಯಲ್ಲಿ ಇರಿಸಿದ ಎಸ್.ಎಂ. ಕೃಷ್ಣ ಅವರ ಪಕ್ಷ ರಾಜ್ಯದಲ್ಲಿ 224ರಲ್ಲಿ 65 ಸ್ಥಾನಕ್ಕೆ ಇಳಿಯಿತು. ಸೋಲಿಗೆ ಕಾರಣ ಹಲವಿರಬಹುದು. ಆದರೆ ಸತತ ಮೂರು ವರ್ಷ ಬರ ಕಂಡ ತಾಲ್ಲೂಕುಗಳ ಮನಸ್ಸನ್ನು ನಿಯಮಿತವಾಗಿ ಕೇಳಿ ಪ್ರಕಟಿಸುವ ಏರ್ಪಾಡೇ ಆಗ ಇರಲಿಲ್ಲ ಎಂಬುದು ನನ್ನ ಮಟ್ಟಿಗೆ ಸೋಲಿಗಿಂತ ದೊಡ್ಡ ಸಂಗತಿ.

ರಿಸರ್ವ್ ಬ್ಯಾಂಕ್ 2010ರ ಸುಮಾರಿಗೆ ಗ್ರಾಹಕ ವಿಶ್ವಾಸ ಸಮೀಕ್ಷೆಯನ್ನು ನಿಯಮಿತಗೊಳಿಸಿತು. ಮೊದಲು ಆರು ಮಹಾನಗರ, ಬೆಂಗಳೂರೂ ಅದರಲ್ಲಿ ಒಂದು. ಈಗ 19 ನಗರ. ದೇಶದ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು, ಈ ಐದರ ಬಗ್ಗೆ ವರ್ಷದ ಹಿಂದಿಗಿಂತ ಈಗ ಹೇಗಿದೆ, ಮುಂದಿನ ವರ್ಷ ಹೇಗಿರುತ್ತದೆ ಎಂದು ಕೇಳುತ್ತಾರೆ. 100 ಎಂದರೆ ಸಮಸಮ. ಅದಕ್ಕಿಂತ ಕೆಳಗಿದ್ದರೆ ನಿರಾಶರೇ ಹೆಚ್ಚು.

ಈ ಸಮೀಕ್ಷೆ ತನ್ನ ಬೆಲೆ ತೋರಿಸಿದ್ದು 2019ರಲ್ಲಿ. ಲೋಕಸಭಾ ಚುನಾವಣೆಗೆ ಮುನ್ನ ಮಾರ್ಚ್‌ನಲ್ಲಿ ಪ್ರಸಕ್ತ ಸ್ಥಿತಿಯ ಸೂಚ್ಯಂಕ 104.6 ಇತ್ತು, ನವೆಂಬರ್‌ಗೆ 85.7. ಆ ವರ್ಷದ ಜುಲೈ–ಸೆಪ್ಟೆಂಬರ್ ಅವಧಿಯ ಬೆಳವಣಿಗೆ ಶೇ 4.5 ಎಂದು ಸರ್ಕಾರ ಪ್ರಕಟಿಸಿದ್ದು ನವೆಂಬರ್ ಕೊನೆಗೆ. ಅದೇ ತಿಂಗಳು 2017–18ರ ಮನೆಖರ್ಚಿನ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲವೆಂದು ಹೊರಬಿಡದಿರಲು ಸರ್ಕಾರ ತೀರ್ಮಾನಿಸಿತು. ಮನೆಗಳ ಸ್ಥಿತಿ ತಿಳಿಯಲು ಉಳಿದಿದ್ದ ಕೆಲವೇ ಅಧಿಕೃತ ಕಿಟಕಿಗಳಲ್ಲಿ ಈ ಸೂಚ್ಯಂಕವೂ ಒಂದು. 2021ರ ಮೇ ತಿಂಗಳಲ್ಲಿ, ಕೋವಿಡ್ ಅಲೆಯ ನಡುವೆ ಆಮ್ಲಜನಕಕ್ಕಾಗಿ ಜನ ಅಲೆಯುತ್ತಿದ್ದಾಗ, ಅದು 48.5ಕ್ಕೆ ಇಳಿಯಿತು.

ಭಾರತದ ಈ ಸರಣಿಯಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಅದರ ಎರಡು ಸೂಚ್ಯಂಕಗಳ ನಡುವಿನ ದೂರ. 2024ರ ಮಾರ್ಚ್‌ನಲ್ಲಿ ಪ್ರಸಕ್ತ ಸ್ಥಿತಿ 98.5, ಮುಂದಿನ ವರ್ಷದ ನಿರೀಕ್ಷೆ 125.2. ಆ ವರ್ಷವೇ ಚುನಾವಣೆಗೆ ಮುನ್ನ ಸಿಎಸ್‌ಡಿಎಸ್‌ನ ಲೋಕನೀತಿ ತಂಡ ಕೇಳಿದಾಗ ಶೇ 62 ಮಂದಿ ಕೆಲಸ ಸಿಗುವುದು ಕಷ್ಟವಾಗಿದೆ ಎಂದರು, ಶೇ 71 ಮಂದಿ ಬೆಲೆ ಏರಿದೆ ಎಂದರು. ಇಂದು ಸರಿಯಿಲ್ಲ, ನಾಳೆ ಸರಿಹೋಗುತ್ತದೆ ಎನ್ನುವ ಈ ಉತ್ತರ ವರ್ಷಗಟ್ಟಲೆ ಬಂದಿದೆ. ಇದನ್ನು ಆಶಾವಾದ ಎಂದು ಕೊಂಡಾಡಿ ಸುಮ್ಮನಾಗುವುದು ಸುಲಭ. ಬೇರೆ ದಾರಿಯಿಲ್ಲದವರಿಗೆ ಭರವಸೆ ಅನಿವಾರ್ಯವೂ ಆಗಿರಬಹುದು. ಅಮೆರಿಕದ ಜನ ಮನೆ ಸರಿಯಿದೆ, ದೇಶ ಸರಿಯಿಲ್ಲ ಎನ್ನುತ್ತಾರೆ; ನಮ್ಮಲ್ಲಿ ಒಡಕು ಇಂದು ಮತ್ತು ನಾಳೆಗಳ ನಡುವೆ.

ನಾಳೆಯ ಮೇಲಿನ ಈ ಭರವಸೆ ಆಶಾವಾದವೋ ಅನಿವಾರ್ಯವೋ ಎಂದು ತಿಳಿಯಲು ಎರಡು ಕೆಲಸ ಆಗಬೇಕು. ಹಳ್ಳಿಯನ್ನು ಕೇಳುವುದು ಒಂದು. ರಿಸರ್ವ್ ಬ್ಯಾಂಕ್ ಈಚೆಗೆ ಗ್ರಾಮೀಣ ಮತ್ತು ಅರೆನಗರ ಪ್ರದೇಶಗಳ ಸಮೀಕ್ಷೆಯನ್ನೂ ಪ್ರಕಟಿಸತೊಡಗಿರುವುದು ತಡವಾದರೂ ಒಳ್ಳೆಯ ಹೆಜ್ಜೆ. ಅದೇ ಮನೆಗೆ ಮತ್ತೆ ಹೋಗುವುದು ಇನ್ನೊಂದು. ಸುತ್ತಿನಿಂದ ಸುತ್ತಿಗೆ ಬೇರೆ ಮನೆಗಳನ್ನು ಕೇಳಿದರೆ, ಹೋದ ವರ್ಷ ಒಳ್ಳೆಯದಾಗುತ್ತದೆ ಎಂದವರಿಗೆ ನಿಜಕ್ಕೂ ಒಳ್ಳೆಯದಾಯಿತೇ ಎಂದು ಗೊತ್ತಾಗುವುದಿಲ್ಲ. ಮುಂಬೈನ ಸಿಎಂಐಇ ಸಂಸ್ಥೆಯ ಸಮೀಕ್ಷೆ ಒಂದೇ ಮನೆಗಳಿಗೆ ವರ್ಷಕ್ಕೆ ಮೂರು ಸಲ ಹೋಗುತ್ತದೆ. ಅದರ ಮನೋಭಾವ ಸೂಚ್ಯಂಕ ಮಿಷಿಗನ್ ಮಾದರಿಯದ್ದೇ. ಟೋಬಿನ್ 1959ರಲ್ಲಿ ಮಾಡಿದ ಪರೀಕ್ಷೆಯನ್ನು ಕಲಬುರಗಿಯ ತೊಗರಿ ಬೆಳೆಗಾರರ ಮನೆಗೂ ಪೀಣ್ಯದ ಕಾರ್ಮಿಕರ ಮನೆಗೂ ಬೇರೆಬೇರೆಯಾಗಿ ಅನ್ವಯಿಸಿ ನೋಡಲು ಬೇಕಾದದ್ದು ಇಂಥದೇ ಮಾಹಿತಿ: ಕಳೆದ ಸಲ ಈ ಮನೆಯವರು ಏನನ್ನು ಎದುರುನೋಡಿದ್ದರು, ಅದರಲ್ಲಿ ಎಷ್ಟು ಅವರ ಕೈಸೇರಿತು.